ಚಿಗರಿಯ ಪಿಸ್ತೂಲು

ನಮ್ಮೂರಿನಲ್ಲಿ ಎಲ್ಲಾದರೂ ಪಿಸ್ತೂಲು ಸಿಕ್ಕರೆ ಪೊಲೀಸರನ್ನು ಕರೆಯುವುದಿಲ್ಲ, ನನ್ನನ್ನು ಕರೆಯುತ್ತಾರೆ. ನಾನು ಊಟಕ್ಕೆ ಕೂತಿದ್ದರೂ ಸರಿ, ಮೈಗೆ ಎಣ್ಣೆ ಹಚ್ಚಿಕೊಂಡು ಕೂತಿದ್ದರೂ ಸರಿ, ಎದ್ದು ಹೋಗಬೇಕು. ನೆಲದೊಳಗಿನ ಹಗೇವಿನಿಂದ ಜೋಳ ತೆಗೆಯುವಾಗ ಸಿಗುತ್ತದೆ. ಬಾವಿಗೆ ಬಿಟ್ಟ ಕೊಡದಲ್ಲಿ ಮೇಲೆ ಬರುತ್ತದೆ. ಒಮ್ಮೆ ಕುಂಬಳಕಾಯಿ ಹೆಚ್ಚಿದಾಗ ತಿರುಳಿನ ನಡುವೆ ಇತ್ತು. ಆ ಮನೆಯವರು ಪಿಸ್ತೂಲನ್ನು ನನ್ನ ಕೈಗೆ ಕೊಟ್ಟು, ಕಾಯಿಯನ್ನು ತೊಳೆದು ಪಲ್ಯ ಮಾಡಿಕೊಂಡು ಉಂಡರು. ಎಲ್ಲಿ ಸಿಕ್ಕರೂ ಅದು ಒದ್ದೆಯಾಗಿರುತ್ತದೆ, ನಳಿಗೆಯಲ್ಲಿ ಹೊಳೆಯ ಉಸುಕು ಇರುತ್ತದೆ.

ನಮ್ಮ ಮುತ್ತಜ್ಜಂದಿರ ಕಾಲದಲ್ಲಿ ಈ ಊರಿನಿಂದ ಒಂದು ಕುದುರೆ ಪಡೆ ಹೊರಟಿತು. ಯಾವ ದೊರೆಯ ಪರವಾಗಿ, ಯಾರ ಮೇಲೆ ಎಂದು ಕೇಳಿದರೆ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ, ಹೇಳುವಾಗ ಜಗಳವನ್ನೂ ಆಡುತ್ತಾರೆ. ಹೊಳೆ ದಾಟಿದ ರಾವುತರಲ್ಲಿ ಒಬ್ಬನೂ ಮರಳಲಿಲ್ಲ ಎಂಬ ಮಾತಿನಲ್ಲಿ ಮಾತ್ರ ಜಗಳವಿಲ್ಲ. ಅವರ ಪಿಸ್ತೂಲುಗಳು ಮರಳುತ್ತಿವೆ, ತಮಗೆ ತೋಚಿದಾಗ, ಒಂದೊಂದಾಗಿ. ಒಬ್ಬ ರಾವುತನ ಪಿಸ್ತೂಲು ಬರುವವರೆಗೆ ಅವನ ಮನೆಯ ತಲೆಬಾಗಿಲು ಹಾಕುವಂತಿಲ್ಲ. ಹಗಲೂ ಇರುಳೂ ತೆರೆದಿರಬೇಕು, ಆ ಮನೆಯಲ್ಲಿ ಹುಟ್ಟಿದ ಹೆಣ್ಣುಮಗಳೊಬ್ಬಳು ಬಾಗಿಲಲ್ಲಿ ಇರಬೇಕು. ಅವಳಿಗೆ ಬಾಗಿಲವ್ವ ಎನ್ನುತ್ತೇವೆ. ಅವಳು ಮದುವೆಯಾಗುವುದಿಲ್ಲ, ಕಟ್ಟೆ ಇಳಿಯುವುದಿಲ್ಲ. ಹಿತ್ತಲಿಗೆ ಹೋದರೂ ಇನ್ನೊಬ್ಬರನ್ನು ಕೂರಿಸಿ ಹೋಗುತ್ತಾಳೆ. ಅವಳು ಸತ್ತರೆ ಮುಂದಿನವಳು. ಪಿಸ್ತೂಲು ಸಿಕ್ಕ ದಿನ ಅದನ್ನು ಅವಳ ಉಡಿಯಲ್ಲಿ ಇಡುತ್ತೇವೆ. ಅವಳು ‘ಬಂದೀ ಏನಪಾ? ಇಳಿ’ ಎನ್ನುತ್ತಾಳೆ. ಆಗ ಅಂಗಳದಲ್ಲಿ ಜೀನಿನ ರಿಕಾಪು ಅಲುಗಿದ ಸದ್ದು, ಕುದುರೆ ಮೂಗಿನಿಂದ ಉಸಿರು ಬಿಟ್ಟ ಸದ್ದು, ಯಾರೋ ಭಾರವಾಗಿ ನೆಲಕ್ಕಿಳಿದ ಸದ್ದು ಎಲ್ಲರಿಗೂ ಕೇಳಿಸುತ್ತದೆ. ಅಷ್ಟಾದ ಮೇಲೆ ಬಾಗಿಲು ಹಾಕುತ್ತಾರೆ, ಬೆಲ್ಲ ಹಂಚುತ್ತಾರೆ.

ಅದಕ್ಕೂ ಮೊದಲೇ ಹಾಕಿಬಿಟ್ಟರೆ ಏನಾಗುತ್ತದೆ ಎಂದು ಹೊರಗಿನವರು ಕೇಳುತ್ತಾರೆ. ಏನಾಗುತ್ತದೋ ನನಗೆ ಗೊತ್ತಿಲ್ಲ. ಯಾರೂ ಹಾಕಿಲ್ಲ. ಅಷ್ಟು ದೂರದಿಂದ ಬರುವವನ ಮುಖಕ್ಕೆ ಬಾಗಿಲು ಹಾಕುವ ಎದೆ ನಮ್ಮೂರಲ್ಲಿ ಯಾರಿಗೂ ಇರಲಿಲ್ಲ.

ಇಳಿಸಿಕೊಂಡ ಮೇಲೆ ಪಿಸ್ತೂಲನ್ನು ಆ ಮನೆಯಲ್ಲಿ ಇಡುವುದಿಲ್ಲ, ನಮ್ಮ ಮನೆಗೆ ತಂದು ಕೊಡುತ್ತಾರೆ. ಈ ಕೆಲಸ ನನಗೆ ಅಪ್ಪನಿಂದ ಬಂತು, ಅವನಿಗೆ ಅವನ ಅಪ್ಪನಿಂದ. ನಮ್ಮ ಪಡಸಾಲೆಯ ಗೋಡೆಯ ತುಂಬ ಅವೇ ಇವೆ. ಹಳೆಯ ಕಾಲದ ಭಾರವಾದ ಪಿಸ್ತೂಲುಗಳು, ಆರು ಗುಂಡು ಹಿಡಿಯುವ ತಿರುಗುವ ಗಾಲಿ, ಕಟ್ಟಿಗೆಯ ಹಿಡಿ, ಹಿಡಿಯ ಬುಡದಲ್ಲಿ ಹಗ್ಗ ಕಟ್ಟಿಕೊಳ್ಳಲು ಕಬ್ಬಿಣದ ಬಳೆ. ನೋಡುವವರಿಗೆ ಎಲ್ಲವೂ ಒಂದೇ. ನನಗೆ ಒಂದೊಂದೂ ಒಬ್ಬೊಬ್ಬ ಮನುಷ್ಯ. ಇದು ಎಡಚನದು, ಹಿಡಿ ಸವೆದ ರೀತಿಯೇ ಹೇಳುತ್ತದೆ. ಇದರ ಹಿಡಿಗೆ ಹೆಂಡತಿಯ ಸೀರೆಯ ಅಂಚು ಸುತ್ತಿದೆ, ನೂಲು ಕೊಳೆತರೂ ಗಂಟು ಬಿಚ್ಚಿಲ್ಲ. ಇದರಲ್ಲಿ ಆರಕ್ಕೆ ಆರೂ ಗುಂಡು ಹಾಗೇ ಇವೆ. ಅವನು ಹೆದರಿದನೋ, ಕನಿಕರಪಟ್ಟನೋ, ಮಲಗಿದಲ್ಲೇ ಹೋದನೋ ತಿಳಿಯದು. ಒಂದರ ಹಿಡಿಯ ಮೇಲೆ ಹಲ್ಲಿನ ಗುರುತಿದೆ. ನೋವು ತಡೆಯಲು ಕಚ್ಚಿದ್ದು. ಅದನ್ನು ಗೋಡೆಗೆ ಮುಖ ಮಾಡಿ ತೂಗುಹಾಕಿದ್ದೇನೆ.

ಹಿಂದೊಮ್ಮೆ ಪಟ್ಟಣದಿಂದ ಒಬ್ಬರು ಬಂದಿದ್ದರು. ಹಳೆಯ ಆಯುಧ ಕೂಡಿಡುವ ಹವ್ಯಾಸವಂತೆ. ಕೈಗೆ ಬಿಳಿಯ ಗವಸು ಹಾಕಿಕೊಂಡು ಒಂದೊಂದನ್ನೇ ಮುಟ್ಟಿ ನೋಡಿ, “ಯಾವ ಸವಾರನದು ಅಂತ ಹೆಸರು ಗೊತ್ತಿದ್ದರೆ ಇವುಗಳ ಬೆಲೆ ಹತ್ತು ಪಟ್ಟು ಆಗುತ್ತದೆ,” ಎಂದರು. “ಹೆಸರು ಗೊತ್ತೈತ್ರೀ, ಅದಕ್ಕ ಕೊಡೂದಿಲ್ಲ,” ಎಂದೆ. ಅವರು ಚಹಾ ಕುಡಿದು ಹೋದರು.

ಹೆಸರು ತಿಳಿಯುವುದು ಹೀಗೆ. ರಾವುತರು ಆಯುಧದ ಮೇಲೆ ತಮ್ಮ ಹೆಸರು ಬರೆಯುತ್ತಿರಲಿಲ್ಲ. ಬರೆದರೆ ಗುಂಡು ಹೆಸರು ಕೇಳಿಕೊಂಡು ಬರುತ್ತದೆ ಎಂಬ ಅಂಜಿಕೆ. ಊರು ಬಿಟ್ಟ ಸಂಜೆ ಹೊಳೆಯ ದಂಡೆಯಲ್ಲಿ ಬಿಡಾರ ಹೂಡಿದಾಗ, ತಾನು ಏರಿ ಬಂದ ಕುದುರೆಯ ಹೆಸರನ್ನು ಮೊಳೆಯಿಂದ ಹಿಡಿಯ ಮೇಲೆ ಕೊರೆದುಕೊಂಡರು. ಯಾವ ಕುದುರೆ ಯಾವ ಮನೆಯದು ಎಂಬುದು ಊರಿನ ಕೂಸಿಗೂ ಗೊತ್ತು. ಕುದುರೆಯ ಹೆಸರು ಓದುತ್ತೇನೆ, ಮನೆ ಹೇಳುತ್ತೇನೆ. ನನ್ನ ವಿದ್ಯೆ ಇಷ್ಟೆ.

ದೀಪದ ಕೆಳಗೆ ಕತ್ತಲೆ ಎನ್ನುತ್ತಾರಲ್ಲ, ಊರವರ ಪಿಸ್ತೂಲುಗಳನ್ನೆಲ್ಲ ಕೂಡಿಟ್ಟುಕೊಂಡ ನಮ್ಮ ಮನೆಗೆ ನಮ್ಮದೇ ಬರಲಿಲ್ಲ. ನಮ್ಮವನು ಮಲ್ಲೇಶಿ ರಾವುತ, ಅವನ ಕುದುರೆ ಚಿಗರಿ. ನಮ್ಮ ಬಾಗಿಲವ್ವ ನನ್ನ ಅಕ್ಕ ನೀಲವ್ವ. ಲಂಗ ಉಡುವ ವಯಸ್ಸಿನಲ್ಲಿ ಬಾಗಿಲಿಗೆ ಕೂತವಳು, ಅಲ್ಲೇ ಮುದುಕಿಯಾದಳು. ನನ್ನ ಹೆಂಡತಿ ಹೋದ ಮೇಲೆ ಮಗಳು ಸುಗಂಧಾಳನ್ನು ಬಾಗಿಲಲ್ಲಿ ಕೂತೇ ಸಾಕಿದಳು, ತಲೆ ಬಾಚಿದಳು, ಮಗ್ಗಿ ಹೇಳಿಕೊಟ್ಟಳು, ಬೈದಳು. ಈಚೆಗೆ ಅಕ್ಕನ ಕಾಲು ಬಾತಿದ್ದವು, ನಾಲ್ಕು ಮಾತಾಡಿದರೆ ಏದುಸಿರು. ಡಾಕ್ಟರು ನನ್ನನ್ನು ಹೊರಗೆ ಕರೆದು, ಎದೆ ಸೋತಿದೆ, ಬಹಳ ದಿನ ನೆಚ್ಚಬೇಡಿ ಎಂದರು. ಅಕ್ಕನ ನಂತರ ಮನೆಯಲ್ಲಿ ಹುಟ್ಟಿದ ಹೆಣ್ಣು ಎಂದರೆ ಸುಗಂಧಾ ಒಬ್ಬಳೇ. ಸೇತುವೆಯ ಹತ್ತಿರ ಸೈಕಲ್ ಅಂಗಡಿ ಇಟ್ಟುಕೊಂಡಿದ್ದ ಶಿವಪುತ್ರ ಅವಳನ್ನು ಮೆಚ್ಚಿದ್ದ, ಅವಳೂ ಅವನನ್ನು ಮೆಚ್ಚಿದ್ದಳು. ಅವನ ಮನೆಯವರು ಒಳ್ಳೆಯವರು, ಬಾಯಿಬಿಟ್ಟು ಏನೂ ಕೇಳುತ್ತಿರಲಿಲ್ಲ. ಬಂದು ಕೂತು, ಅಕ್ಕನ ಕಾಲು ನೋಡಿ, ಹೋಗುತ್ತಿದ್ದರು. ನನ್ನ ಮಗಳು ಬಾಗಿಲಿಗೆ ಕೂರಬಾರದು. ಊರಿನ ಮೂಲೆ ಮೂಲೆ ತಡಕಿದೆ, ಹೊಳೆಯ ಉಸುಕು ಜರಡಿ ಹಿಡಿದೆ. ಹುಡುಕಿದರೆ ಸಿಗುವ ವಸ್ತುವಲ್ಲ ಅದು ಎಂದು ಎಲ್ಲರಿಗಿಂತ ಚೆನ್ನಾಗಿ ಗೊತ್ತಿದ್ದವನು ನಾನೇ.

ಊರಲ್ಲಿ ತೆರೆದ ಬಾಗಿಲು ಎರಡೇ ಉಳಿದಿದ್ದವು. ಒಂದು ನಮ್ಮದು. ಇನ್ನೊಂದು ಎರಡು ಓಣಿಯಾಚೆ ತಿರಕವ್ವನದು. ಅವರ ಮನೆಯವನು ಬಾಳಪ್ಪ ರಾವುತ, ಕುದುರೆ ಪಾರಿವಾಳ. ತಿರಕವ್ವ ನಮ್ಮಕ್ಕನಿಗಿಂತ ಬಹಳ ಹಿರಿಯಳು, ಅವಳ ನಂತರ ಆ ಮನೆಯಲ್ಲಿ ಹೆಣ್ಣು ಹುಟ್ಟಿಲ್ಲ. ಅವಳೂ ಅಕ್ಕನೂ ಒಬ್ಬರ ಮುಖ ಒಬ್ಬರು ಕಂಡವರಲ್ಲ. ಆದರೂ ಹಬ್ಬಕ್ಕೆ ಹೋಳಿಗೆ ಅಲ್ಲಿಂದ ಇಲ್ಲಿಗೆ, ಇಲ್ಲಿಂದ ಅಲ್ಲಿಗೆ ಹೋಗುತ್ತಿದ್ದವು.

ಆ ವರ್ಷ ಸುಗ್ಗಿ ಮುಗಿದ ಹೊತ್ತಿಗೆ ಕಿರಾಣಿ ಅಂಗಡಿಯ ಗುರುಸಿದ್ದ ಓಡಿ ಬಂದ. “ಕಾಕಾ, ಬೆಲ್ಲದ ಪೆಂಟಿ ಒಡದ್ನಿ, ಒಳಗ ಇದು ಕೂತಿತ್ತು. ಇರವಿ ಮುತ್ತ್ಯಾವ ನೋಡ್ರಿ,” ಎಂದು ಟವೆಲ್ ಬಿಚ್ಚಿದ. ನಾನು ಬಿಸಿನೀರಿನಲ್ಲಿ ತೊಳೆದೆ. ಬೆಲ್ಲ ಕರಗಿ ಅಕ್ಷರ ಕಾಣಿಸಿದವು. ಚಿಗರಿ. ಮೂರೂ ಅಕ್ಷರ ಸೊಟ್ಟ, ಕೊನೆಯದಂತೂ ಅರ್ಧ ಜಾರಿತ್ತು. ಇಷ್ಟು ಪಿಸ್ತೂಲು ಓದಿದ ನಾನು ಅವತ್ತು ನನ್ನ ಕಣ್ಣನ್ನೇ ನಂಬಲಾರದೆ ಮಗಳನ್ನು ಕರೆದು ಓದಿಸಿದೆ. ಅವಳು ಓದಿದವಳೇ ಪಿಸ್ತೂಲನ್ನು ಎದೆಗವಚಿಕೊಂಡು ಬಿಕ್ಕಿ ಬಿಕ್ಕಿ ಅತ್ತಳು. ಇಷ್ಟು ವರ್ಷ ನಗುನಗುತ್ತಲೇ ಇದ್ದ ಹುಡುಗಿ ಒಳಗೆ ಎಷ್ಟು ಹೆದರಿದ್ದಳು ಎಂದು ನನಗೆ ತಿಳಿದದ್ದು ಆಗಲೇ.

ಈಗಲೇ ಉಡಿಯಲ್ಲಿ ಇಡುತ್ತೇನೆ ಎಂದರೆ ಅಕ್ಕ ಒಪ್ಪಲಿಲ್ಲ. “ಹಿಂಗ ಜಿಡ್ಡ ತಲೀಲೇ ಕರೀಬೇಕೇನ ಅವನ್ನ? ನಾಳೆ ಎರಕೊಂಡು, ಹೊಸಾ ಸೀರಿ ಉಟ್ಕೊಂಡು ಹೇಳ್ತೀನಿ. ಇಷ್ಟ ವರ್ಷ ತಡದಾನ, ಒಂದ ದಿನ ತಡೀಲಿ,” ಎಂದಳು. ಸುಗಂಧಾ ಅವಳ ಕಾಲೊತ್ತುತ್ತ ಕೇಳಿದಳು, “ಅತ್ತಿ, ಬಾಗಲಾ ಹಾಕಿದ ಮ್ಯಾಲ ಮೊದಲ ಎಲ್ಲಿ ಹೋಗ್ತಿ?” ಅಕ್ಕ ಯೋಚಿಸಿ, “ಎಲ್ಲಿ ಹೋಗ್ಲೆವಾ. ಬಾಗಲಾ ಹಾಕಿ ಒಳಗ ಮಲಗ್ತೀನಿ. ಗಾಳಿ ಬಡದು ಬಡದು ಬೆನ್ನ ಹೋಗೇತಿ,” ಎಂದಳು. ಮೂವರೂ ನಕ್ಕೆವು. ಆ ಮನೆಯಲ್ಲಿ ನಾವು ಹಾಗೆ ನಕ್ಕದ್ದು ಅದೇ ಕೊನೆ.

ಮರುದಿನ ಬೆಳಿಗ್ಗೆ, ಅಕ್ಕ ಇನ್ನೂ ಬಚ್ಚಲಲ್ಲಿದ್ದಾಗ, ತಿರಕವ್ವ ಹೇಳಿ ಕಳಿಸಿದಳು. ಹೋದೆ. ಕಟ್ಟೆಯ ಮೇಲೆ ಗೋಡೆಗೆ ಒರಗಿ ಕೂತಿದ್ದಳು. “ಬಾ ತಮ್ಮಾ. ಚಿಗರಿ ಬಂತಂತ?”

“ಬಂತ ನೋಡವಾ. ನಮ್ಮ ಪುಣ್ಯಾ.”

“ನಿಮ್ಮದಂತ ತಿಳದೀರಿ?” ಎಂದಳು. ಅವಳು ಸೆರಗು ಸರಿಮಾಡಿಕೊಂಡು ಹೇಳಿದಳು, “ನಮ್ಮ ಮನ್ಯಾಗ ಒಂದ ಮಾತ ಐತಿ. ಹೊಂಟ ದಿನ ನಮ್ಮ ಬಾಳಪ್ಪನ ಪಾರಿವಾಳ ಕುಂಟಾಕ ಹತ್ತಿತ್ತಂತ. ಕುಂಟ ಕುದರಿ ಮ್ಯಾಲ ಹೋದ್ರ ಹಿಂದ ಉಳದು ಸಾಯ್ತಾನಂತ ನಿಮ್ಮ ಮಲ್ಲೇಶಿ ತನ್ನ ಚಿಗರಿ ಅವಗ ಕೊಟ್ಟು, ಕುಂಟ್ಯಾನ್ನ ತಾ ಹತ್ತಿದ್ನಂತ. ಊರ ಅಗಸಿ ದಾಟಿದ ಮ್ಯಾಲ, ಹುಣಸೀಮರದ ಕೆಳಗ. ಮರತ ಬುತ್ತಿ ಕೊಡಾಕ ಬಾಳಪ್ಪನ ಹೇಂತಿ ಓಡಿ ಹೋಗಿದ್ಲು. ಆಕಿ ಕಣ್ಣಿಲೇ ಕಂಡಿದ್ದು.”

“ಇಷ್ಟ ದಿನ ಯಾಕ ಹೇಳಲಿಲ್ಲವಾ?”

“ಯಾರ ಕೇಳಿದ್ರು? ಪಿಸ್ತೂಲು ಬಂದಿತ್ತೇನ?” ಎಂದಳು. ಆಮೇಲೆ ಮೆಲ್ಲಗೆ, “ನಂಗ ಬೇಕಂತ ಕೇಳಾಕತ್ತಿಲ್ಲೋ ತಮ್ಮಾ. ಇದ್ದದ್ದ ಹೇಳೀನಿ. ನೀ ಓದಾವ, ನೀ ಹೇಳಾವ,” ಎಂದಳು.

ಕೊರೆದದ್ದು ಹೊಳೆಯ ದಂಡೆಯಲ್ಲಿ, ಕುದುರೆ ಬದಲಾದದ್ದು ಅದಕ್ಕೂ ಮೊದಲು. ಹಾಗಿದ್ದರೆ ಚಿಗರಿ ಎಂದು ಕೊರೆದವನು ಬಾಳಪ್ಪ. ಲೆಕ್ಕ ಸರಿಯಾಗಿತ್ತು, ಅದಕ್ಕೇ ನನಗೆ ಸಿಟ್ಟು ಬಂತು. ಮುದುಕಿಯ ಮಾತು ಮನೆಯಲ್ಲಿ ಹೇಳಲೇಬಾರದು ಎಂದುಕೊಂಡು ಹೊರಟೆ. ಆದರೆ ನಮ್ಮ ಕಟ್ಟೆ ಹತ್ತುವ ಹೊತ್ತಿಗೆ ಆ ಮಾತು ಓಣಿಯ ಬಾಯಿಂದ ಬಾಯಿಗೆ ದಾಟಿ ನನಗಿಂತ ಮುಂಚೆ ಮನೆ ತಲುಪಿತ್ತು. ಅಕ್ಕ ಒದ್ದೆ ಕೂದಲಲ್ಲಿ, ಹಸಿರು ಸೀರೆಯಲ್ಲಿ ಕೂತಿದ್ದಳು. ಮುಖದಲ್ಲಿ ನಾನು ಎಂದೂ ಕಾಣದ ಒಂದು ಕಳೆಯಿತ್ತು.

“ಕೇಳಿದಿ ಏನ? ಕುದರಿ ಕೊಟ್ನಂತ. ನಮ್ಮಾವ, ನಮ್ಮ ಮಲ್ಲೇಶಿ,” ಎಂದಳು.

“ಆಕಿ ಹೇಳ್ತಾಳ. ಖರೇನೋ ಸುಳ್ಳೋ ಯಾರಿಗ್ಗೊತ್ತು? ನೀ ಉಡಿ ಒಡ್ಡು ಮೊದಲ.”

“ಸುಳ್ಳಲ್ಲೋ. ಅವ ಹಂಗ ಮಾಡಾವನ. ಇಷ್ಟ ವರ್ಷ ಕಾದೀನಿ, ನಂಗ ಗೊತ್ತಾಗೂದಿಲ್ಲೇನ ಅವ ಎಂಥಾವ ಅಂತ?”

ನನಗೆ ತಡೆಯಲಾಗಲಿಲ್ಲ. ಹುಡುಗಿಯ ಮುಖ ನೋಡು ಎಂದೆ. ಕೈ ಮುಗಿದೆ. ಕೊನೆಗೆ ಚೀರಿದೆ: “ಅವ ಸತ್ತು ಎಷ್ಟ ಕಾಲ ಆತ ಅಕ್ಕಾ! ಎಲುಬ ಸೈತ ಉಳದಿಲ್ಲ!”

“ಸತ್ತದ್ದ ಅವನ ತಪ್ಪೇನೋ?” ಎಂದಳು ಅಕ್ಕ. “ಬ್ಯಾರೇದವನ್ನ ಇಳಿಸಿಕೊಂಡು ಬಾಗಲಾ ಹಾಕಿದ್ರ, ನಾಳೆ ನಮ್ಮಾವ ಕುಂಟ ಕುದರಿ ಹೊಡಕೊಂಡು ಬರ್ತಾನ. ಯಾರ ತೆಗೀತೀರಿ?”

ಸುಗಂಧಾ ಒಂದೇ ಮಾತು ಕೇಳಿದಳು. “ಅತ್ತಿ, ನಿಂಗ ಖಾತ್ರಿ ಐತೇನ?” ಅಕ್ಕ ಅವಳ ಕೆನ್ನೆ ಹಿಡಿದು, “ಐತಿ ನನ್ನವ್ವಾ. ಪಾರಿವಾಳ ಬರತೈತಿ. ನಾ ಇರೂದ್ರಾಗ ಬರತೈತಿ,” ಎಂದಳು. ಸುಗಂಧಾ ತಲೆಯಾಡಿಸಿ ಒಳಗೆ ಹೋದಳು. ಪಾತ್ರೆ ತಿಕ್ಕುವ ಸದ್ದು ಬಹಳ ಹೊತ್ತು ಕೇಳಿಸಿತು. ತಿಕ್ಕಬೇಕಾದ ಪಾತ್ರೆ ಮನೆಯಲ್ಲಿ ಅಷ್ಟು ಇರಲಿಲ್ಲ.

ಪಿಸ್ತೂಲನ್ನು ನಾನೇ ಒಯ್ದು ತಿರಕವ್ವನ ಉಡಿಯಲ್ಲಿ ಇಟ್ಟೆ. ಊರೇ ನೆರೆದಿತ್ತು. “ಬಂದೀ ಏನಪಾ? ಇಳಿ,” ಎಂದಳು. ದನಿ ಎಷ್ಟು ಸಣ್ಣದಿತ್ತೆಂದರೆ ಹಿಂದೆ ನಿಂತವರಿಗೆ ಕೇಳಲಿಲ್ಲ. ಆದರೆ ಕೇಳಬೇಕಾದವನಿಗೆ ಕೇಳಿತು. ರಿಕಾಪು ಅಲುಗಿತು. ಕುದುರೆ ಉಸಿರು ಬಿಟ್ಟಿತು. ಯಾರೋ ಇಳಿದರು. ಜನ ನನ್ನ ಕಡೆ ನೋಡಿ, ಮುದುಕಿ ಹೇಳಿದ್ದು ನಿಜ ಎಂಬಂತೆ ತಲೆಯಾಡಿಸಿದರು. ಬಾಗಿಲು ಹಾಕಿದರು, ಬೆಲ್ಲ ಹಂಚಿದರು. ನಾನೂ ತಿಂದೆ.

ಮುಂದಿನ ಸಂತೆಯ ದಿನ ತಿರಕವ್ವ ನಮ್ಮ ಮನೆಗೆ ಬಂದಳು. ಎರಡು ಓಣಿಯ ದಾರಿಯನ್ನು ನಾಲ್ಕು ಜನರನ್ನು ಕೇಳಿಕೊಂಡು ಬಂದಿದ್ದಳು. ಸೆರಗಿನಲ್ಲಿ ಬದನೆಕಾಯಿ ಕಟ್ಟಿಕೊಂಡಿದ್ದಳು. ಅಕ್ಕ ಅವಳನ್ನು ಕಟ್ಟೆಯ ಮೇಲೆ ಕೂರಿಸಿಕೊಂಡು ಮುಖ ಮುಟ್ಟಿ ಮುಟ್ಟಿ ನೋಡಿದಳು. “ನೀ ಹೇಳದಿದ್ರ ನಮ್ಮಾವ ಎಂಥಾ ದೊಡ್ಡಾವ ಅಂತ ತಿಳೀದನ ನಾ ಸಾಯ್ತಿದ್ನೆಲ್ಲ ಯವ್ವಾ,” ಎಂದಳು. ತಿರಕವ್ವ ಏನೋ ಹೇಳಲು ಬಾಯಿ ತೆರೆದಳು. ಅಕ್ಕ ಅವಳ ಎರಡೂ ಕೈಗಳನ್ನು ಎಳೆದು ಕಣ್ಣಿಗೆ ಒತ್ತಿಕೊಂಡಳು. ಸ್ವಲ್ಪ ಹೊತ್ತಿನಲ್ಲೇ, ಬಿಸಿಲೇರುತ್ತದೆ ಎಂದು ಎದ್ದಳು. ಅವಳಿಗೆ ದಾರಿ ತಪ್ಪೀತೆಂದು ನಾನು ಜೊತೆಗೆ ಹೋದೆ.

ಓಣಿಯ ತಿರುವಿನಲ್ಲಿ ನಿಂತು, ಹಿಂದೆ ತಿರುಗಿ ನೋಡಿ, “ನಿಮ್ಮಕ್ಕಗ ಹೇಳಬೇಕಂತ ಬಂದಿದ್ನೆಪಾ. ಆಗಲಿಲ್ಲ,” ಎಂದಳು. “ಕುದರಿ ಮಾತು ನಮ್ಮ ಮನ್ಯಾಗ ಯಾರೂ ಹೇಳಿಲ್ಲ. ನಾನ ಕಟ್ಟಿದ್ದು.”

ನನಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದ ಮೇಲೆ, ಯಾಕೆ ಎಂದು ಕೇಳಿದೆನೋ ಇಲ್ಲವೋ ನೆನಪಿಲ್ಲ. ಅವಳೇ ಹೇಳಿದಳು. “ಒಮ್ಮಿ ಸಂತೀಗೆ ಹೋಗಬೇಕಂತ ಇತ್ತು. ಬದನೀಕಾಯಿ ನಾನ ಮುಟ್ಟಿ, ಹುಳಕ ನೋಡಿ, ಆರಿಸಿ ತರಬೇಕಂತ. ಜನುಮಾ ಪೂರ್ತಿ ಮಂದಿ ತಂದದ್ದ ತಿಂದೀನಿ.” ಸೆರಗಿನ ಗಂಟನ್ನು ನನಗೆ ತೋರಿಸಿದಳು, ನಾನು ಅದನ್ನು ನೋಡಬೇಕು ಎಂಬಂತೆ.

“ಮತ್ತ ಅಂಗಳದಾಗ ಇಳದಾವ ಯಾರು?”

“ನಿಮ್ಮ ಮಲ್ಲೇಶೀನ ಇರಬೇಕು. ಅಷ್ಟ ದಣದಾವ, ಇಳಿ ಅಂದಲ್ಲಿ ಇಳೀತಾನೋ ತಮ್ಮಾ. ಮನಿ ನೋಡ್ತಾನೇನ?”

ಅವಳನ್ನು ಬೈಯಬೇಕಿತ್ತು. ನಮ್ಮಕ್ಕ ಬದುಕಿಡೀ ಕಾದದ್ದು ಎರಡು ಓಣಿಯಾಚೆ ಇಳಿದು ಹೋಗಿತ್ತು, ಕೈಗೆ ಬಂದ ತುತ್ತನ್ನು ನಾನೇ ಒಯ್ದು ಬೇರೆಯವರ ಉಡಿಗೆ ಹಾಕಿದ್ದೆ. ಒಮ್ಮೆ ಇಳಿದವನು ಮತ್ತೆ ಇಳಿಯುವುದಿಲ್ಲ. ಕೋಪಕ್ಕಿಂತ ಹೆಚ್ಚಾಗಿ ಒಂದು ಸುಸ್ತು ಬಂತು, ಅದು ಈವರೆಗೂ ಹೋಗಿಲ್ಲ. ಮುದುಕಿಯನ್ನು ಮನೆ ಮುಟ್ಟಿಸಿ ಬಂದೆ. ಅಕ್ಕನಿಗೆ ಹೇಳಲಿಲ್ಲ. ಹೇಳುವುದೇನು, ನಿನ್ನವನು ಕುದುರೆ ಕೊಟ್ಟವನಲ್ಲ, ಬರಿಯ ಒಬ್ಬ ರಾವುತ, ಬಂದೂ ಹೋದ ಎಂದೇ?

ತಿರಕವ್ವ ಇನ್ನೂ ಕೆಲವು ಸಂತೆ ಮಾಡಿ ಮಳೆಗಾಲಕ್ಕೆ ಮೊದಲೇ ತೀರಿಕೊಂಡಳು. ಅಕ್ಕ ಅವಳ ಹಿಂದೆಯೇ ಹೋದಳು. ಕೊನೆಯ ದಿನಗಳಲ್ಲಿ ಬಂದವರಿಗೆಲ್ಲ ಕುದುರೆಯ ಕಥೆ ಹೇಳುತ್ತಿದ್ದಳು. ಪ್ರತಿ ಸಲ ಹೇಳುವಾಗ ಮಲ್ಲೇಶಿ ಇನ್ನಷ್ಟು ಒಳ್ಳೆಯವನಾಗುತ್ತಿದ್ದ. ಉಸಿರು ನಿಂತ ಮುಖದಲ್ಲಿಯೂ ಆ ಹೆಮ್ಮೆ ಇತ್ತು. ನನಗೆ ಆ ಮುಖ ನೋಡಲಾಗಲಿಲ್ಲ.

ಹೆಣ ಎತ್ತುವ ಮೊದಲು ಮುಂದಿನವಳು ಬಾಗಿಲಿಗೆ ಕೂರಬೇಕು. ಅಂಗಳದ ತುಂಬ ಜನ ಕಾಯುತ್ತಿದ್ದರು. ಶಿವಪುತ್ರ ಎದುರು ಮನೆಯ ಗೋಡೆಯ ಹತ್ತಿರ ನಿಂತಿದ್ದ, ಕೈಯಲ್ಲಿ ಗ್ರೀಸಿನ ಕಲೆ ಹಾಗೇ ಇತ್ತು. ಸುಗಂಧಾ ಮಿಂದು ಬಂದಳು. ನಾನು ಅವಳನ್ನು ಒಳಗೆ ಎಳೆದುಕೊಂಡು ಹೋಗಿ ಎಲ್ಲವನ್ನೂ ಹೇಳಿದೆ, ಸಂತೆ, ಬದನೆಕಾಯಿ, ಸುಳ್ಳು, ಎಲ್ಲ. “ನಮ್ಮಾವ ಬಂದಾನವಾ. ಆ ಮನ್ಯಾಗ ಇಳದಾನ. ಇನ್ನ ನಮಗ ಬರಾವ ಯಾರೂ ಇಲ್ಲ. ನೀ ಕೂಡಬ್ಯಾಡ. ಬಾಗಲಾ ನಾ ಹಾಕ್ತೀನಿ, ಊರು ಏನರೆ ಅನ್ನಲಿ.”

ಅವಳ ಉತ್ತರಕ್ಕೆ ನಾನು ಕಾಯಲಿಲ್ಲ. ತಲೆಬಾಗಿಲಿಗೆ ಹೋಗಿ, ಯಾವ ಕಾಲದಿಂದಲೋ ಗೋಡೆಗೆ ಅಂಟಿಕೊಂಡಿದ್ದ ಕದವನ್ನು ಮೈಯ ಬಲವನ್ನೆಲ್ಲ ಹಾಕಿ ಎಳೆದೆ. ಕದ ನರಳಿತು, ಮಣ್ಣು ಉದುರಿತು, ಬಂತು. ಅಂಗಳದಲ್ಲಿ ಜನ ಹೋ ಎಂದರು. ಇನ್ನೇನು ಕದ ಚೌಕಟ್ಟಿಗೆ ಕೂಡಬೇಕು, ಸುಗಂಧಾ ಓಡಿ ಬಂದು ಸಂದಿಯಲ್ಲಿ ಕಾಲಿಟ್ಟಳು.

“ಅಪ್ಪಾ, ಮಲ್ಲೇಶಿ ಮುತ್ಯಾ ಇಳದಿದ್ರ, ಬಾಳಪ್ಪ ಬರೂದೈತಲ್ಲ?” ಎಂದಳು. “ಅವನ ಮನಿ ಬಾಗಲಾ ಹಾಕೇತಿ. ಆ ಮನ್ಯಾಗ ಇಳಿ ಅನ್ನಾಕ ಯಾರೂ ಉಳದಿಲ್ಲ. ಇದೂ ಹಾಕಿದ್ರ ಅವ ಎಲ್ಲಿಗೆ ಹೋಗಬೇಕು?”

“ಅವ ನಮಗ ಏನಾಗಬೇಕ ನನ್ನವ್ವಾ? ಅವ ನಮ್ಮಾವಲ್ಲ.”

“ಅಲ್ಲ,” ಎಂದಳು. ಅತ್ತಳು. ಕಣ್ಣೊರೆಸಿಕೊಳ್ಳಲೂ ಇಲ್ಲ, ಕಾಲು ತೆಗೆಯಲೂ ಇಲ್ಲ. ನಾನು ಕದ ಹಿಡಿದೇ ಇದ್ದೆ. ಒಂದು ಸಲ ಒತ್ತಿದೆ ಕೂಡ. ಅವಳ ಕಾಲಬೆರಳು ಬೆಳ್ಳಗಾದವು, ಅವಳು ಹಾ ಎನ್ನಲಿಲ್ಲ.

ಕದವನ್ನು ಮತ್ತೆ ಗೋಡೆಗೆ ಸರಿಸಿದೆ. ಅಕ್ಕನನ್ನು ಹೊರಗೆ ತಂದರು. ಸುಗಂಧಾ ಸೆರಗು ಸರಿಮಾಡಿಕೊಂಡು, ಓಣಿಯ ಕಡೆ ಮುಖ ಮಾಡಿ ಕೂತಳು. ಅವಳಿಗೆ ಆಗ ಇಪ್ಪತ್ತೆರಡು ವರ್ಷ.